ದೀಪ ಹಚ್ಚುವುದರೊಳಗೆ ಮಾನ್ವಿ

ಸಿಟ್ಟಿನಲ್ಲಿ ಕೊಟ್ಟ ಮಾತನ್ನು ನಾನು ಯಾವತ್ತೂ ಮರೆತವಳಲ್ಲ. ಸಮಾಧಾನದಲ್ಲಿ ಕೊಟ್ಟವು ಬೇಕಾದಷ್ಟು ಮರೆತುಹೋಗಿವೆ. ದೇವದುರ್ಗದ ನಮ್ಮ ಪ್ರಾರ್ಥನಾಲಯದ ಕಟ್ಟೆಯ ಮೇಲೆ ಒಂದು ಭಾನುವಾರ, ಆರಾಧನೆ ಮುಗಿಸಿ ಚಪ್ಪಲಿ ಹುಡುಕುತ್ತಿದ್ದ ಗಂಡಸರ ಮುಂದೆ ನಾನು ಆಡಿದ್ದು ಅಂಥ ಮಾತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದಸರಾ ರಜೆ ಇನ್ನೇನು ಶುರುವಾಗುವುದರಲ್ಲಿತ್ತು.

ಆಗ ನಾವು ಗಂಡ ಹೆಂಡತಿ ಇಬ್ಬರೂ ಕೆಲಸದಿಂದ ನಿವೃತ್ತರಾಗಿ ಸಭೆಯ ‘ಹಿರಿಯ ಸೇವಕರು’ ಆಗಿದ್ದೆವು. ಅವರು ಶಾಲೆ ಮಾಸ್ತರರು, ನಾನು ಹೆರಿಗೆ ಮಾಡಿಸುವ ನರ್ಸು. ಸಭೆಯವರು ದೇವದುರ್ಗದಲ್ಲಿ ಎರಡು ಕೋಣೆಯ ಮನೆ ಕೊಟ್ಟು ಒಂದು ಕೆಲಸ ಒಪ್ಪಿಸಿದ್ದರು. ರಜೆಯಲ್ಲಿ ಬರುವ ಯುವಕರ ತಂಡಗಳಿಗೆ ಇಳಿದುಕೊಳ್ಳಲು ಜಾಗ ಮಾಡಿ, ಉಣ್ಣಿಸಿ, ಅವರ ಕೈಯಲ್ಲಿ ಕೈಬಂಡಿ ಎಳೆಸುತ್ತ ಮಾನ್ವಿಯ ಮೇಲೆ ಹಾಯ್ದು ರಾಯಚೂರು ಮುಟ್ಟಿಸುವುದು. ನಮ್ಮ ಸಭೆಯ ಮೊದಲ ಕುಟುಂಬಗಳು ಹಾಗೆಯೇ ರಾಯಚೂರಿಗೆ ಹೋಗಿ ನೆಲೆಸಿದ್ದವು. ಅವರೆಲ್ಲ ಕೂಲಿ ಮಾಡುವ ಮಂದಿ. ಹೊಸ ದೇವರನ್ನು ಹಿಡಿದವರೆಂದು ಬಾಡಿಗೆಗೂ ಯಾರೂ ಎತ್ತು ಕೊಡಲಿಲ್ಲವಂತೆ. ಗಡಿಗೆ, ಬೀಸುವ ಕಲ್ಲು, ಕೂಸು ಕುನ್ನಿ ಎಲ್ಲವನ್ನೂ ಕೈಬಂಡಿಗೆ ಹೇರಿ ತಾವೇ ಎಳೆದರು. ರಾಯಚೂರಿನಲ್ಲಿ ಯಾರ ಮನೆಗೆ ಹೋದರೂ ‘ನಮ್ಮ ಮುತ್ತಜ್ಜಿ ಆ ಬಂಡ್ಯಾಗ ಹುಟ್ಟಿದಾಕಿ’ ಎನ್ನುತ್ತಾರೆ. ಅಷ್ಟು ಹೆರಿಗೆ ಆಗಿದ್ದರೆ ಅದು ಬಂಡಿಯಲ್ಲ, ಸರ್ಕಾರಿ ಆಸ್ಪತ್ರೆ ಎಂದು ನಾನು ನಗುತ್ತಿದ್ದೆ. ನಮ್ಮ ಮಾಸ್ತರರಿಗೆ ಮಾತ್ರ ಈ ವಿಷಯದಲ್ಲಿ ನಗೆ ಸೇರುತ್ತಿರಲಿಲ್ಲ. ಅವರದೊಂದು ಕಟ್ಟಾಜ್ಞೆ ಇತ್ತು: ದೇವದುರ್ಗದಿಂದ ರಾಯಚೂರಿನವರೆಗೆ ಗಾಲಿ ನೆಲ ಬಿಡಬಾರದು. ಎತ್ತು ಕಟ್ಟಬಾರದು, ಲಾರಿಗೆ ಹೇರಬಾರದು, ಉರುಳಬೇಕು, ಅಷ್ಟೇ.

ಅಲ್ಲಿಯವರೆಗೆ ಬರೀ ಹುಡುಗರು ಎಳೆಯುತ್ತಿದ್ದರು. ಆ ವರ್ಷ ದೇವದುರ್ಗದ ಹುಡುಗಿಯರು ಬಂದು, ಮುತ್ತಜ್ಜಿಯರು ಎಳೆದ ಬಂಡಿ ನಮಗೇಕೆ ಬೇಡ ಎಂದು ಕೇಳಿದರು. ಸಭೆಯ ಹಿರಿಯರ ಮುಂದೆ ಹೋಗಿ ಜಗಳವಾಡಿದೆ. ಮಾನ್ವಿಯವರೆಗೆ ಮಾತ್ರ ಬರಲಿ ಎಂದು ಅರ್ಧ ಮನಸ್ಸಿನಿಂದ ಒಪ್ಪಿದರು. ತಂದೆಯರು ಒಪ್ಪಬೇಕಲ್ಲ? ಅವರ ಪರವಾಗಿ ಮಾತಾಡಿದವನು ಒಬ್ಬ ದರ್ಜಿ. ಮಾತನ್ನೂ ಬಟ್ಟೆಯ ಹಾಗೆ ಅಳೆದು ಕತ್ತರಿಸುವ ಮನುಷ್ಯ. ಅವನ ಮಗಳೇ ಹುಡುಗಿಯರ ಮುಂದಾಳು.

“ಅಮ್ಮಾರ, ಸಿಟ್ಟಾಗಬ್ಯಾಡ್ರಿ. ವಯಸ್ಸಿಗೆ ಬಂದ ಹುಡ್ಗ್ಯಾರು ಮೂರು ದಿನ ಹಾದ್ಯಾಗ ಬಂಡಿ ಎಳಕೋತ ಹೋದ್ರ ನೋಡಿದ ಮಂದಿ ಏನಂತಾರ್ರಿ? ಹೊತ್ತು ಮುಳುಗಿದ ಮ್ಯಾಲ ಎಲ್ಯರ ಸಿಕ್ಕೊಂಡ್ರ?”

“ನಾ ಸತ್ತೀನೇನು? ಸಂಗಾಟ ಇರತೀನಲ್ಲ,” ಎಂದೆ.

“ನೀವು ಇರತೀರಿ. ನಾಳೆ ಸಂಬಂಧ ನೋಡಾಕ ಬಂದವ್ರ ಮುಂದ ನಾವು ಇರಬೇಕಲ್ರಿ.”

ಅಲ್ಲಿಗೆ ನನ್ನ ನೆತ್ತಿ ಕಾಯಿತು. “ಕೇಳು ಇಲ್ಲಿ. ನೀವೆಲ್ಲಾ ಮುಂದಾಗಿ ಮಾನ್ವಿಗೆ ಹೋಗಿ ಇರ್ರಿ. ಶನಿವಾರ ಮಾನ್ವ್ಯಾಗ ದೀಪ ಹಚ್ಚೂದ್ರೊಳಗ ನಿನ್ನ ಮಗಳನ್ನ ನಿನ್ನ ಕೈಯಾಗ ಕೊಡ್ತೀನಿ. ಎಲ್ಲಾರ ಮಕ್ಕಳನ್ನೂ ಕೊಡ್ತೀನಿ.”

“ದೀಪ ಹಚ್ಚಿದ ಮ್ಯಾಲ ಬಂದ್ರ?”

“ಬಂದ್ರ, ಮುಂದ ಯಾವ ಹೆಣ್ಮಗಳೂ ಬಂಡಿ ಮುಟ್ಟಂಗಿಲ್ಲ. ನಾನ ಬ್ಯಾಡ ಅಂತೀನಿ. ಆತಿಲ್ಲೋ?”

“ಆತ್ರಿ. ನಿಮ್ಮ ಮಾತು ಅಂದ್ರ ಸಾಕು,” ಎಂದು ಅವನು ತಲೆಯಾಡಿಸಿದ. ಮಾಸ್ತರರು ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದರು. ಮನೆಗೆ ಬಂದ ಮೇಲೆ, “ದೀಪ ಹಚ್ಚೂದ್ರೊಳಗ ಅನಬಾರದಿತ್ತು. ರಾತ್ರಿ ಊಟದೊಳಗ ಅಂದಿದ್ರ ಎರಡು ತಾಸು ಹೆಚ್ಚಿಗಿ ಸಿಗತಿತ್ತು,” ಎಂದರು. ಲೆಕ್ಕದ ಮಾಸ್ತರರು, ಇನ್ನೇನು ಹೇಳಿಯಾರು.

ಗುರುವಾರ ಬೆಳಿಗ್ಗೆ ಹೊರಟೆವು. ನಾಲ್ಕು ಬಂಡಿ. ಮೂರು ರಾಯಚೂರಿನಿಂದ ಬಂದ ಹುಡುಗರವು, ಒಂದು ನಮ್ಮ ದೇವದುರ್ಗದ ಹುಡುಗಿಯರದು. ದೂರದಿಂದ ಆಟಿಕೆಯಂತೆ ಕಂಡರೂ ಕೈಬಂಡಿ ಸುಲಭದ್ದಲ್ಲ. ಎರಡು ಕಟ್ಟಿಗೆ ಗಾಲಿ, ಸುತ್ತ ಕಬ್ಬಿಣದ ಪಟ್ಟಿ, ನಡುವೆ ಅಚ್ಚು, ಗಾಲಿ ಕಳಚದ ಹಾಗೆ ಅಚ್ಚಿನ ತುದಿಗೆ ಹೊಡೆದ ಕಬ್ಬಿಣದ ಕಡಾಣಿ. ಜೋಳದ ಹಿಟ್ಟಿನ ಚೀಲ, ಹಂಡೆಯಂಥ ಭಾರದ್ದು ಅಚ್ಚಿನ ಮೇಲೇ ಕೂರಬೇಕು. ಮುಂದಾದರೆ ಎಳೆಯುವವರ ಕುತ್ತಿಗೆ ಮುರಿಯುತ್ತದೆ, ಹಿಂದಾದರೆ ಬಂಡಿ ಆಕಾಶ ನೋಡುತ್ತದೆ. ಏರಿನಲ್ಲಿ ನಾಲ್ವರು ಮುಂದೆ, ಇಬ್ಬರು ಹಿಂದೆ. ಇಳಿಜಾರಿನಲ್ಲಿ ಇದು ತಲೆಕೆಳಗು: ಎಲ್ಲರೂ ಹಿಂದೆ ಹೋಗಿ ಹಗ್ಗ ಹಿಡಿದು ಬಂಡಿಯನ್ನು ಜಗ್ಗಿ ನಿಲ್ಲಿಸುತ್ತ ಇಳಿಸಬೇಕು.

ರಾಯಚೂರಿನ ಹುಡುಗರಿಗೆ ತೋಳಿನ ಮೇಲೆ ಬಹಳ ನಂಬಿಕೆ. ಮೊದಲ ಏರಿನಲ್ಲೇ ಕೈಗೆ ಬೊಬ್ಬೆ ಬಂದವು. ಅವರಲ್ಲೊಬ್ಬ ಬಂಡಿಗೆ ಜೋತುಬಿಟ್ಟಿದ್ದ ಕೀಲೆಣ್ಣೆಯ ಡಬ್ಬಿಗೆ ಬೆರಳದ್ದಿ ಅಂಗೈಗೆಲ್ಲ ಹಚ್ಚಿಕೊಂಡು ಕೂತ. ಅಚ್ಚಿಗೆ ಹಾಕುವ ಹುಲ್ಲಿನ ಬೂದಿ ಕಲಸಿದ ಹರಳೆಣ್ಣೆ ಅದು. ನನ್ನ ಔಷಧದ ಮುಲಾಮು ಎಂದುಕೊಂಡಿದ್ದನಂತೆ. “ಛಲೋ ಆತು ಬಿಡು, ಇನ್ನ ನೀನೂ ಕಿರುಗುಟ್ಟಂಗಿಲ್ಲ,” ಎಂದಳು ದರ್ಜಿಯ ಮಗಳು. ಹುಡುಗಿಯರ ಬಂಡಿ ಎಲ್ಲರಿಗಿಂತ ಮುಂದಿತ್ತು. ಅವರು ತೋಳಿನಿಂದ ಎಳೆಯುತ್ತಿರಲಿಲ್ಲ, ಮೈಯನ್ನೇ ಮುಂದಕ್ಕೆ ಚೆಲ್ಲುತ್ತಿದ್ದರು. ನನಗೆ ಹಮ್ಮು ಬಂತು. ಬಂದದ್ದನ್ನು ಬಂತು ಎನ್ನುವುದಕ್ಕೇನು?

ಶುಕ್ರವಾರ ಸಂಜೆಗೆ ಸಿರವಾರ ಸೇರಿ ಅಲ್ಲಿಯ ಶಾಲೆಯಲ್ಲಿ ಇಳಿದೆವು. ಅಂದು ರಾತ್ರಿ ಚಿತ್ತಿ ಮಳೆ ಹೊಡೆಯಿತು. ಹೆಂಚಿನ ಮೇಲೆ ಬಿದ್ದ ಸದ್ದಿಗೇ ನಾನು ಎದ್ದು ಕೂತೆ. ಬೆಳಗಾಗುವುದರೊಳಗೆ ಮೋಡ ಹರಿದು ಬಿಸಿಲು ಬಿದ್ದಿತ್ತು. ಮಾಸ್ತರರು ಹಲ್ಲುಜ್ಜುತ್ತ, “ಮಳಿ ಹೋತಲ್ಲ,” ಎಂದರು. ಮಳೆ ಹೋಗಿತ್ತು, ನೀರು ಹೋಗಿರಲಿಲ್ಲ. ಮಾನ್ವಿಯ ರಸ್ತೆ ಹಿಡಿದು ಸ್ವಲ್ಪ ದೂರ ನಡೆದ ಮೇಲೆ ಹಳ್ಳ ತುಂಬಿ ಬಂದಿತ್ತು. ಈ ದಡದಲ್ಲಿ ಒಂದು ಬಸ್ಸು, ಆ ದಡದಲ್ಲಿ ಒಂದು ಬಸ್ಸು. ಇಬ್ಬರು ಡ್ರೈವರರೂ ಕೂತು ಬೀಡಿ ಸೇದುತ್ತಿದ್ದರು. ಕೆಂಪು ನೀರು ಜಾಲಿಗಿಡಗಳ ಸೊಂಟದ ಮಟ್ಟಕ್ಕೆ ಹರಿಯುತ್ತಿತ್ತು. ಹೊತ್ತು ಮುಳುಗುವತನಕ ಇಳಿಯುವುದಿಲ್ಲ ಎಂದು ಡ್ರೈವರ್ ಹೇಳಿದ.

ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿಗಳ ಹೊರೆ ಹೊತ್ತ ಒಬ್ಬ ಕುರುಬ ಬಂದ. ಮಾನ್ವಿಯಲ್ಲಿ ಕಂಬಳಿ ಮಾರಲು ಹೊರಟವನು. ಹಳ್ಳ ನೋಡಿ ನಿಲ್ಲದೆ ಪಕ್ಕಕ್ಕೆ ಹೊರಳಿದ. ಮಾಸ್ತರರು ಅವನನ್ನು ನಿಲ್ಲಿಸಿದರು.

“ಯಪ್ಪಾ, ಆ ಕಡಿ ಹೋಗಾಕ ದಾರಿ ಅದೇನು?”

“ಅದ ಬರ್ರಿ. ಮ್ಯಾಲ ಕಾಲುವಿ ಪೂಲು ಅದ. ಅದನ್ನ ದಾಟಿದ್ರ ಮುಂದ ನೀರಮಾನ್ವಿ ಹಾದಿ ಸಿಗತದ.”

ನಾವು ಖುಷಿಯಿಂದ ಬಂಡಿ ತಿರುಗಿಸಿದೆವು. ನಮ್ಮ ಕಡೆ ಹುಟ್ಟಿ ಬೆಳೆದವರು ಮಾಡಬಾರದ, ಆದರೆ ನಮ್ಮ ಕಡೆಯವರೇ ಮಾಡಬಹುದಾದ ತಪ್ಪು ಅಲ್ಲಾಯಿತು. ನಮ್ಮಲ್ಲಿ ದಾರಿ ಎಂದರೆ ಕಾಲು ಹೋಗುವ ಜಾಗ. ಬಂಡಿ ಹೋಗುವುದಕ್ಕೆ ಗಾಡಿ ಜಾಡು ಎಂಬ ಬೇರೆ ಮಾತೇ ಇದೆ. ಮಾಸ್ತರರು ದಾರಿ ಕೇಳಿದರು, ಅವನು ದಾರಿ ಹೇಳಿದ. ಜಾಡು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನ್ನ ಕಿವಿಗೂ ಅದು ಬೀಳಲಿಲ್ಲ.

ಗರಸಿನ ಗಟ್ಟಿ ನೆಲ ಇರುವತನಕ ಬಂಡಿಗಳು ಚೆನ್ನಾಗಿಯೇ ಉರುಳಿದವು. ಕಾಲುವೆಯ ಸೇತುವೆಯನ್ನೂ ದಾಟಿದೆವು. ಅದರಾಚೆ ಎರೆಹೊಲ. ಹಸಿ ಎರೆಮಣ್ಣಿಗೆ ನಾಚಿಕೆ ಇಲ್ಲ, ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಹೊಲದಂಚಿಗೆ ಬರುವಷ್ಟರಲ್ಲೇ ಗಾಲಿಗಳು ಹಿಟ್ಟು ಮೆತ್ತಿದ ಕೈಯಂತೆ ಊದಿಕೊಂಡವು. ಕುರುಬನ ದಾರಿ ಹೊಲದ ನಡುವೆ ಒಂದು ಗೆರೆಯಾಗಿ ಹೋಗಿತ್ತು, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು. ಎರಡೂ ಕಡೆ ಆಗತಾನೆ ಎದ್ದ ಬಿಳಿಜೋಳದ ಮೊಳಕೆ. ಕುರುಬ ನಮ್ಮನ್ನೂ ಬಂಡಿಗಳನ್ನೂ ನೋಡಿ, “ಇವನ್ನೂ ಒಯ್ಯಾವ್ರೇನು?” ಎಂದ. ಈಗ ಕೇಳಿದ ಪುಣ್ಯಾತ್ಮ.

ಒಡ್ಡಿನ ಆಚೆಯಿಂದ ಒಬ್ಬ ಹೆಂಗಸು ಓಡಿ ಬಂದಳು. ಸೀರೆಯ ಕಚ್ಚೆ ಮೇಲಕ್ಕೆ ಸಿಗಿಸಿ, ಕೈಯಲ್ಲಿ ಸಲಿಕೆ ಹಿಡಿದು, ನಿಂತ ನೀರಿಗೆ ದಾರಿ ಮಾಡುತ್ತಿದ್ದವಳು. ನನ್ನದೇ ವಯಸ್ಸು ಇದ್ದೀತು. ಬಂದವಳೇ ಮೊದಲ ಬಂಡಿಯ ಮುಂದೆ ಸಲಿಕೆ ಊರಿದಳು.

“ನಿಲ್ರಿ. ಎಲ್ಲಿಗಿ ಹೊಂಟೀರಿ ಇವನ್ನ ತಗೊಂಡು?”

ಮಾಸ್ತರರು ಸಭೆ, ಹಿರಿಯರು, ಕೈಬಂಡಿಯ ಕಥೆಯನ್ನೆಲ್ಲ ಮೊದಲಿಂದ ಹೇಳಿದರು. ಆಕೆ ತಾಳ್ಮೆಯಿಂದ ಕೇಳಿದಳು. ಎತ್ತು ಕೊಡಲಿಲ್ಲ ಎಂಬಲ್ಲಿ ಛೆ ಛೆ ಎಂದು ಲೊಚಗುಟ್ಟಿದಳು. ಕಡೆಗೆ, “ಪಾಪ, ಖರೇ ಅದ ಯಪ್ಪಾ. ಆದ್ರ ಇದು ಬಿತ್ತಿದ ಹೊಲ. ಕಾಲಿಗೆ ಬ್ಯಾಡ ಅನ್ನಂಗಿಲ್ಲ, ಗಾಲಿಗೆ ಬ್ಯಾಡ,” ಎಂದಳು.

“ಒಂದ ಸಲ ಹಾಯ್ತೀವವ್ವಾ.”

“ಒಂದ ಸಲಾನ ಸಾಕು. ಹಸಿ ಎರಿಯಾಗ ಗಾಲಿ ಇಳದ್ರ ಬಿಸಲಿಗೆ ಅದು ಕಲ್ಲಾಗತದ. ಈ ವರ್ಷ ಅಲ್ಲಿ ಏನೂ ಏಳಂಗಿಲ್ಲ. ನಾಕು ಬಂಡಿ ಅಂದ್ರ ಎಂಟು ಗೆರಿ. ನಾ ಏನು ತಿನ್ನಲಿ?”

ಅದಕ್ಕೆ ಎದುರಾಡುವಂಥದ್ದು ಏನೂ ಇರಲಿಲ್ಲ. ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದರು. ಸೂರ್ಯ ನೆತ್ತಿಗೆ ಬಂದಿದ್ದ. “ತಿರುಗಿ ಹಳ್ಳದ ಕಡಿ ಹೋಗೂಣು. ಇಳದ ಮ್ಯಾಲ ದಾಟೂಣು,” ಎಂದರು. ಇಳಿಯುವುದು ಹೊತ್ತು ಮುಳುಗಿದ ಮೇಲೆ. ಮಾನ್ವಿ ಮುಟ್ಟುವುದು ಊರು ಮಲಗಿದ ಮೇಲೆ. ಬಂಡಿಗಳನ್ನು ಇಲ್ಲೇ ಬಿಟ್ಟು ಹುಡುಗಿಯರನ್ನು ನಡೆಸಿಕೊಂಡು ಹೋಗಬಹುದಿತ್ತು. ಹೋದರೆ ಸಮಯಕ್ಕೆ ಸರಿಯಾಗಿ ಮುಟ್ಟುತ್ತಿದ್ದೆವು. ಆದರೆ ಹುಡುಗಿಯರು ಬಂದ ವರ್ಷ ಬಂಡಿ ಹೊಲದಲ್ಲಿ ಉಳಿಯಿತು ಎಂಬ ಮಾತು ರಾಯಚೂರಿನತನಕ ಹೋಗಿ ಅಲ್ಲೇ ಮನೆ ಮಾಡಿಕೊಳ್ಳುತ್ತಿತ್ತು. ದರ್ಜಿಯ ಮಗಳು ಬಂಡಿಯ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಹುಡುಗಿಯ ಮೇಲೆ ನನಗೆ ಎಷ್ಟು ಅಕ್ಕರೆ ಬಂತೆಂದರೆ ಮೈ ಉರಿದುಹೋಯಿತು.

ಕಾಲಿಗೆ ಬೇಡ ಎನ್ನುವುದಿಲ್ಲ ಎಂದಿದ್ದಳಲ್ಲ ಆಕೆ.

“ಬಂಡಿ ಬಿಚ್ರಿ,” ಎಂದೆ.

“ಏನಂದಿ?” ಮಾಸ್ತರರು.

“ಗಾಲಿ ಬಿಚ್ಚಿ ಹೊತ್ತು ದಾಟಿಸೂಣು. ಆಚಿ ಕಡಿ ಮತ್ತ ಜೋಡಿಸೂಣು.”

“ಗಾಲಿ ನೆಲ ಬಿಡಬಾರದು. ನಿನಗ ಗೊತ್ತದ.”

ಮೂವತ್ತು ಚಿಲ್ಲರೆ ಮಕ್ಕಳ ಮುಂದೆ ಗಂಡನ ಜೊತೆ ಜಗಳ ಮಾಡಬಾರದು ಎಂಬುದು ನನಗೂ ಗೊತ್ತು. ಮಾಡಿದೆ. “ಏನ್ರಿ, ನಮ್ಮ ಹಿರಿಯರಿಗೆ ಸ್ವಂತ ಹೊಲ ಇತ್ತೇನು? ಜೀವಮಾನ ಪೂರ್ತಿ ಮಂದಿ ಹೊಲ ಬಿತ್ತಿದವ್ರು ಅವರು. ಅಂಥವ್ರು ಬಿತ್ತಿದ ಹೊಲದಾಗ ಗಾಲಿ ಹಾಯಿಸಿರತಾರಂತ ಅನಸತದೇನು ನಿಮಗ? ಹೊತ್ತಿರತಾರ. ಹೊತ್ತಿದ್ದನ್ನ ಯಾರೂ ಹೇಳಿಲ್ಲ, ಅಷ್ಟ.”

ಅವರು ಒಮ್ಮೆ ಮೊಳಕೆಗಳ ಕಡೆ ನೋಡಿದರು. ಆಮೇಲೆ ಚಪ್ಪಲಿ ಕಳಚಿ ಒಡ್ಡಿನ ಮೇಲಿಟ್ಟು, ಒಂದು ಗುಂಡುಕಲ್ಲು ಆರಿಸಿಕೊಂಡು ಬಂದು, ಮೊದಲ ಕಡಾಣಿಯನ್ನು ತಾವೇ ಹೊಡೆದು ಕಿತ್ತರು. ಮದುವೆಯಾದ ಮೇಲೆ ಅವರು ನನ್ನ ಮಾತು ಅಷ್ಟು ಬೇಗ ಕೇಳಿದ್ದು ಅದೇ ಮೊದಲು. ಅದೇ ಕಡೆಯೂ ಆಯಿತು.

ಕೆಲಸಕ್ಕೆ ಒಂದು ಕ್ರಮ ಬೇಕಲ್ಲ. ಮೊದಲು ಸಾಮಾನು ಇಳಿಸಿದೆವು. ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಬಂಡಿ ಎತ್ತಿ, ಗಾಲಿ ಎಳೆದು, ಕೋಲಿನಿಂದ ಮಣ್ಣು ಕೆರೆದೆವು. ಕಡಾಣಿಗಳನ್ನು ನನ್ನ ಸೆರಗಿಗೆ ಕಟ್ಟಿಕೊಂಡೆ. ಒಂದು ಎರೆಯಲ್ಲಿ ಬಿದ್ದರೂ ಅದು ಮುಂದಿನ ಸುಗ್ಗಿಗೇ ಸಿಗುವುದು. ಗಾಲಿಯ ನಡುವಿನ ತೂತಿನಲ್ಲಿ ಬಂಡಿಯಲ್ಲಿದ್ದ ಬಿದಿರು ತೂರಿಸಿ ಆ ಕಡೆ ಈ ಕಡೆ ಇಬ್ಬರು ಹೆಗಲು ಕೊಟ್ಟರು. ಬಂಡಿಯ ಹಲಗೆಗೆ ನಾಲ್ವರು. ಸಾಮಾನು ಹೊರುವ ಹೊತ್ತಿಗೆ ರಾಯಚೂರಿನ ಹುಡುಗರ ಬಣ್ಣ ಬಯಲಾಯಿತು. ಹಿಟ್ಟಿನ ಚೀಲ ತಲೆ ಮೇಲೆ ನಿಲ್ಲದೆ ಒಬ್ಬೊಬ್ಬರೂ ಕುಡಿದವರಂತೆ ತೂರಾಡಿದರು. ದರ್ಜಿಯ ಮಗಳು ಟವೆಲು ಸುತ್ತಿ ಸಿಂಬೆ ಮಾಡಿ ಅವರ ನೆತ್ತಿಗೆ ಇಡುತ್ತ ಹೋದಳು. “ಕುತಿಗಿ ಅಲಗಿಸಬ್ಯಾಡ್ರಿ, ಸೊಂಟ ಅಷ್ಟ ಅಲಗಲಿ. ನಿಮ್ಮನ್ಯಾಗ ನೀರು ಯಾರು ತರತಾರ?” ಎಂದು ಗದರಿದಳು.

ಹೊಲದೊಡತಿ ಮುಂದೆ ನಡೆದು ಎಲ್ಲಿ ಹೆಜ್ಜೆ ಇಡಬೇಕೆಂದು ತೋರಿಸಿದಳು. ಬರಿಗಾಲಿನಲ್ಲಿ, ಒಬ್ಬರ ಹೆಜ್ಜೆಯಲ್ಲಿ ಇನ್ನೊಬ್ಬರು ಹೆಜ್ಜೆ ಇಡುತ್ತ, ನಾಲ್ಕು ಬಂಡಿಗಳು ನಮ್ಮ ಹೆಗಲ ಮೇಲೆ ಕೂತು ಹೊಲ ದಾಟಿದವು. ಕುರುಬ ಸ್ವಲ್ಪ ಹೊತ್ತು ನಿಂತು ನೋಡಿದ. “ಗಾಡಿ ಮಂದಿನ್ನ ಹೊತ್ತಿದ್ದು ನೋಡೀನಿ, ಮಂದಿ ಗಾಡಿನ್ನ ಹೊತ್ತಿದ್ದು ನೋಡಿದ್ದಿಲ್ಲ,” ಎಂದು ನಗುತ್ತ, ಕಂಬಳಿಯ ಹೊರೆ ಸರಿಮಾಡಿಕೊಂಡು ಮಾನ್ವಿಯ ಕಡೆ ಹೊರಟುಹೋದ.

ಸಾಮಾನಿಗೆಂದು ಮತ್ತೆ ಮತ್ತೆ ತಿರುಗಿ ಬರಬೇಕಾಯಿತು. ಆಚೆ ಕಡೆ ಗಾಡಿ ಜಾಡು ಸಿಕ್ಕಿ, ಗಾಲಿ ಜೋಡಿಸಿ, ಕೀಲೆಣ್ಣೆ ಹಾಕಿ ಮುಗಿಸುವಷ್ಟರಲ್ಲಿ ಬಿಸಿಲು ಹಳದಿಗೆ ತಿರುಗಿತ್ತು. ನಾವು ಹಗ್ಗ ಬಿಗಿಯುತ್ತಿದ್ದಾಗ ಆಕೆ ಹೊಲದ ಮೂಲೆಯಿಂದ ತನ್ನ ಜೋಡಿ ಎತ್ತು ಹೊಡೆದುಕೊಂಡು ಬಂದಳು.

“ಮುಂದ ಏರು ಅದ. ಹೆಣ್ಮಕ್ಕಳು ದಣದಾವ. ಇವನ್ನ ಅವರ ಬಂಡಿಗೆ ಕಟ್ಟಿಕೋರಿ, ನೀರಮಾನ್ವಿತನಕ ನಾ ಬರತೀನಿ.”

ಮಾಸ್ತರರು ಮುಖ ತಿರುಗಿಸಿ ನಿಂತರು. ಅವರ ಭುಜ ಅಲುಗುವುದು ನನಗೆ ಕಂಡಿತು. ನಮ್ಮ ಮಂದಿ ಊರೂರು ಬೇಡಿದರೂ ಸಿಗದ ಎತ್ತು, ಇಂದು ಕೇಳದೆ ಬಂದು ನಿಂತಿತ್ತು. ನನಗೆ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ. ಎತ್ತು ಕಟ್ಟಿದರೆ ದೀಪ ಹಚ್ಚುವುದರೊಳಗೆ ಮುಟ್ಟುತ್ತಿದ್ದೆವು.

ದರ್ಜಿಯ ಮಗಳು ಹತ್ತಿರ ಬಂದು ಮೆಲ್ಲಗೆ, “ಅಮ್ಮಾರ, ಎತ್ತು ಎಳದ್ರ ನಮ್ಮಪ್ಪ ಎತ್ತು ಬಂದಾವ ಅಂತಾನ್ರಿ. ನಾವು ಬಂದೀವಿ ಅನ್ನಂಗಿಲ್ಲ,” ಎಂದಳು.

ನಾನು ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡೆ. “ಕೊಟ್ಟಿದ್ದು ಮುಟ್ಟಿತು ಯವ್ವಾ. ಎಳಿಯೂದು ನಾವ ಎಳೀತೀವಿ,” ಎಂದೆ. ಆಕೆಗೆ ಅರ್ಥವಾಯಿತೋ ಇಲ್ಲವೋ, ಎತ್ತಿನ ಬೆನ್ನು ಸವರುತ್ತ ನಾವು ಏರು ಹತ್ತುವುದನ್ನು ನೋಡುತ್ತ ನಿಂತಳು.

ನೀರಮಾನ್ವಿ ಹತ್ತಿರವಾದಾಗ ಸೂರ್ಯ ಇರಲಿಲ್ಲ. ಎಲ್ಲಮ್ಮನ ಗುಡಿಯಲ್ಲಿ ದೀಪ ಹಚ್ಚಿದ್ದು ರಸ್ತೆಗೇ ಕಂಡಿತು. ಗಂಟೆಯ ಸದ್ದೂ ಬಂತು. ಮಾನ್ವಿ ಇನ್ನೂ ದೂರವಿತ್ತು. ಹುಡುಗಿಯರು ಆ ಬೆಳಕನ್ನು ನೋಡಿದರು, ನನ್ನನ್ನೂ ನೋಡಿದರು. ಯಾರೂ ಹಗ್ಗ ಸಡಿಲ ಬಿಡಲಿಲ್ಲ. ಮಾತು ಹೋಯಿತು ಎಂದುಕೊಂಡೆ. ಎಂಥ ಹಟಮಾರಿ ಮಕ್ಕಳು, ಇವರಿಗೆ ಇದೇ ಮೊದಲು, ಇದೇ ಕಡೆ. ಅಳು ಬಂತು. ಕತ್ತಲಲ್ಲವೇ, ಅತ್ತುಬಿಟ್ಟೆ. ಪಕ್ಕದಲ್ಲಿ ನಡೆಯುತ್ತಿದ್ದ ಮಾಸ್ತರರು ನನ್ನ ಕೈಚೀಲ ತೆಗೆದುಕೊಂಡರು. ರಾತ್ರಿ ಊಟದ ಲೆಕ್ಕವನ್ನು ಎತ್ತಲಿಲ್ಲ.

ಮಾನ್ವಿಗೆ ಬಂದಾಗ ಬಜಾರಿನಲ್ಲಿ ಬಲ್ಬುಗಳು ಉರಿಯುತ್ತಿದ್ದವು. ನಮ್ಮ ಪ್ರಾರ್ಥನಾಲಯದ ಓಣಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ, ಎಲ್ಲರದೂ ಕಂದೀಲು. ಓಣಿಯ ಬಾಯಿಗೆ ತಿರುಗಿದರೆ ಒಂದು ಕಂದೀಲೂ ಇಲ್ಲ. ಮಸಿ ಸುರಿದಂಥ ಕತ್ತಲು. ತಂದೆಯರು ಕಾದು ಬೇಸತ್ತು ನಮ್ಮನ್ನು ಹುಡುಕಲು ಹೋದರೋ, ಸಿಟ್ಟಿನಿಂದ ಊರಿಗೆ ಹೋದರೋ ತಿಳಿಯಲಿಲ್ಲ. ಗಾಲಿಗಳು ಮಾತ್ರ ಕಲ್ಲಿನ ಮೇಲೆ ಗಡಗಡ ಸದ್ದು ಮಾಡುತ್ತ ಒಳಗೆ ಹೋದವು.

“ಯಾರದು?” ಕತ್ತಲೊಳಗಿಂದ ದರ್ಜಿಯ ದನಿ.

“ನಾವ್ರಿ ಅಪ್ಪಾ,” ಎಂದಳು ಮಗಳು.

ಆಗ ಕಣ್ಣಿಗೆ ಕತ್ತಲು ಹೊಂದಿಕೊಂಡಿತು. ಓಣಿಯ ಎರಡೂ ಕಡೆ ಕಟ್ಟೆಗಳ ಮೇಲೆ ಮಂದಿ ಕೂತಿದ್ದರು. ಹೆಂಗಸರು, ಗಂಡಸರು, ಮಕ್ಕಳು, ಊಟ ಮಾಡದವರು. ಪ್ರತಿಯೊಬ್ಬ ಹೆಂಗಸಿನ ಮುಂದೆ ಎಣ್ಣೆ ತುಂಬಿ ಗಾಜು ಒರೆಸಿದ ಕಂದೀಲು. ಮಾನ್ವಿಯ ಸಭಾಪಾಲಕರ ಹೆಂಡತಿ ಎದ್ದು ಬಂದು ನನ್ನ ತೋಳು ಹಿಡಿದಳು.

“ಬಂದ್ರಲ್ಲಾ, ಸಾಕು ನಮ್ಮವ್ವಾ! ಹೊತ್ತು ಮುಳುಗಿದಾಗಿಂದ ಈ ಮನಷ್ಯಾ ಓಣ್ಯಾಗ ಒಂದು ಕಡ್ಡಿ ಗೀರಾಕ ಬಿಟ್ಟಿಲ್ಲ. ಒಲಿ ಸುದ್ದ ಹಚ್ಚಿಲ್ಲ ನಾವು.”

ದರ್ಜಿ ನನ್ನ ಮುಂದೆ ಬಂದು ನಿಂತ. “ಒಬ್ಬ ಕಂಬಳಿಯಂವ ಬಂದು ಹೇಳಿದ್ರಿ. ಬಿತ್ತಿದ ಹೊಲ ತುಳೀಬಾರದಂತ ಗಾಲಿ ಹೊತಗೊಂಡು ಬರಾಕತ್ತಾರ, ಹುಡ್ಗ್ಯಾರೂ ಹೆಗಲು ಕೊಟ್ಟಾರ ಅಂದ.” ಮಗಳ ಕಡೆ ತಿರುಗಿದ. “ಖರೇ ಏನಬೇ?”

ಅವಳು ತಲೆಯಾಡಿಸಿದಳು. ಅವನು ಅವಳ ಹೆಗಲನ್ನು ಬೆರಳಿಂದ ಮುಟ್ಟಿ ನೋಡಿದ, ಬಟ್ಟೆಯ ಹೊಲಿಗೆ ಮುಟ್ಟಿ ನೋಡುವ ಹಾಗೆ. ಅವಳು ನೋವಿಗೆ ಸ್ಸ್ ಎಂದಳು. ಅವನು ಕೈ ತೆಗೆದ.

“ತಡಾ ಆತಪ್ಪಾ,” ಎಂದೆ ನಾನು. “ನನ್ನ ಮಾತು—”

“ಯಾವ ತಡಾ ಅಮ್ಮಾರ?” ಅವನು ನನ್ನ ಮಾತನ್ನು ಅಲ್ಲೇ ಕತ್ತರಿಸಿದ. “ದೀಪ ಹಚ್ಚೂದ್ರೊಳಗ ಅಂದಿದ್ರಿ. ಇನ್ನಾ ಹಚ್ಚಿಲ್ಲ.”

ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟ. ಪಾಲಕರ ಹೆಂಡತಿ ತನ್ನ ಕಂದೀಲಿನ ಗಾಜು ಮೇಲೆತ್ತಿ ಹಿಡಿದಳು. ನನ್ನ ಬೆರಳಿಗೆಲ್ಲ ಕೀಲೆಣ್ಣೆ, ಕಡ್ಡಿ ಜಾರಿ ಜಾರಿ ಬಿದ್ದವು. ಕಡೆಗೊಂದು ಹತ್ತಿತು. ಆ ಕಂದೀಲಿನಿಂದ ಪಕ್ಕದ ಕಂದೀಲು, ಅದರಿಂದ ಇನ್ನೊಂದು, ಓಣಿಯ ತುದಿಯವರೆಗೆ ಬೆಳಕು ನಡೆದುಹೋಯಿತು. ದರ್ಜಿ ಬಂಡಿಯ ಹತ್ತಿರ ಹೋಗಿ, ಗಾಲಿಗೆ ಅಂಟಿದ ಎರೆಮಣ್ಣನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ.

“ಬರೋ ವರ್ಷ,” ಎಂದ, ನನ್ನ ಕಡೆ ನೋಡದೆ, “ನಮ್ಮ ಸಣ್ಣಾಕಿನ್ನೂ ಕರಕೊಂಡು ಹೋಗ್ರಿ.”